ಟಿಕೆಟ್ ಹಿಂದೆ ಬರೆದ ಚಿಲ್ಲರೆ

ಹತ್ತನೇ ತರಗತಿಯ ಆ ಹುಡುಗನಿಗೆ ಬೆಂಗಳೂರಿನ ಬಸ್ ಮಾರ್ಗಗಳೆಲ್ಲ ಬಾಯಿಪಾಠ. ಸಂಖ್ಯೆ ಹೇಳಿದರೆ ಸಾಕು, ನಡುವಿನ ನಿಲ್ದಾಣಗಳನ್ನೂ ಸೇರಿಸಿ ಒಪ್ಪಿಸುತ್ತಿದ್ದ. ಆದರೆ ಒಬ್ಬನೇ ಒಂದು ದಿನವೂ ಬಸ್ ಹತ್ತಿದವನಲ್ಲ. ಅವನಿಗೆ ಆಟಿಸಂ ಇದೆ, ಅಂದರೆ ಇತರರೊಂದಿಗೆ ಮಾತು, ಒಡನಾಟ ಕಷ್ಟವಾಗುವ ಬೆಳವಣಿಗೆಯ ಭಿನ್ನತೆ. ನಾನು ಅವನ ಶಾಲೆಯ ವಿಶೇಷ ಶಿಕ್ಷಕಿ.

ಪಾಲಕರ ಸಭೆಯಲ್ಲಿ ನಾನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ವಿವರಿಸುತ್ತಿದ್ದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ 4% ಮೀಸಲಾತಿ ಇದೆ, ಅದರೊಳಗೆ ಆಟಿಸಂ ಇರುವವರಿಗೂ ಪಾಲಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ ಎಂದೆಲ್ಲ ಹೇಳಿದೆ. ಅವನ ತಾಯಿ ಕೊನೆಯಲ್ಲಿ ಕೇಳಿದರು: “ಕೆಲಸ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ ಮೇಡಂ. ಅಲ್ಲಿಗೆ ಇವನು ಹೋಗುವುದು ಹೇಗೆ?”

ಹಾಗಾಗಿ ಬಸ್ಸಿನಿಂದಲೇ ಶುರು ಮಾಡಿದೆ. ಚಿತ್ರಗಳಿರುವ ಕಾರ್ಡುಗಳನ್ನು ಮಾಡಿದೆ, ತರಗತಿಯಲ್ಲಿ ಕುರ್ಚಿಗಳನ್ನು ಜೋಡಿಸಿ ಬಸ್ ಆಡಿಸಿದೆ. ಜೊತೆಗೆ ಹೋಗಲು ತರಗತಿಯಲ್ಲಿ ಮೊದಲಿಗಳಾದ ಹುಡುಗಿಯನ್ನು ಆರಿಸಿದೆ. ಅದು ನನ್ನ ತಪ್ಪು. ಅವಳದು ಒಳ್ಳೆಯ ಮನಸ್ಸು, ಕೈಯೂ ಚುರುಕು. ಟಿಕೆಟ್ ಅವಳೇ ಕೇಳಿದಳು, ಸೀಟು ಅವಳೇ ಹಿಡಿದಳು, ಇಳಿಯುವಾಗ ಅವನ ಚೀಲವನ್ನೂ ಅವಳೇ ಹೊತ್ತಳು. ನನ್ನ ಬದಲು ಇನ್ನೊಬ್ಬ ಪುಟ್ಟ ಟೀಚರ್ ಸಿಕ್ಕಂತಾಯಿತು, ಅಷ್ಟೇ.

ಎರಡನೆಯ ಸಲ ಕೊನೆಯ ಬೆಂಚಿನ ಒಬ್ಬನನ್ನು ಕರೆದೆ. ತರಗತಿ ತಪ್ಪಿಸುವುದರಲ್ಲಿ ನಿಸ್ಸೀಮ, ಬಸ್ಸಿನಲ್ಲೇ ಬೆಳೆದವನು. ನಾನು ಕಲಿಸಿದ್ದ “ದಯವಿಟ್ಟು ನನಗೆ ಮೆಜೆಸ್ಟಿಕ್‌ಗೆ ಒಂದು ಟಿಕೆಟ್ ಕೊಡಿ” ಎಂಬ ವಾಕ್ಯ ಕೇಳಿ ಅವನು ನಕ್ಕುಬಿಟ್ಟ. “ಹೀಗೆ ಯಾರೂ ಕೇಳುವುದಿಲ್ಲ ಮಿಸ್. ದುಡ್ಡು ಚಾಚಿ ‘ಒಂದು ಮೆಜೆಸ್ಟಿಕ್’ ಎಂದರೆ ಸಾಕು.” ಹನ್ನೆರಡು ವರ್ಷದ ನನ್ನ ಅನುಭವ ಅಲ್ಲಿಗೆ ಮುಗಿಯಿತು.

ಈ ಜೊತೆಗಾರನಿಗೆ ಎರಡೇ ಮಾತು ಹೇಳಿದ್ದೆ: ಹುಡುಗನ ಪರವಾಗಿ ಮಾತನಾಡಬೇಡ, ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಆಟಿಸಂ ಇರುವ ಹಲವರಿಗೆ ಕೇಳಿದ್ದನ್ನು ಒಳಗೆ ತೆಗೆದುಕೊಂಡು ಉತ್ತರಿಸಲು ತುಸು ಹೊತ್ತು ಬೇಕು. ಆ ಮೌನವನ್ನು ತಡೆಯಲಾಗದೆ ನಾವೇ ಬಾಯಿ ಹಾಕಿ ಕೆಡಿಸುತ್ತೇವೆ.

ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರಿಬ್ಬರು ಹಿಂದೆ. ಹುಡುಗ ನೂರರ ನೋಟು ಕೊಟ್ಟ. ಕಂಡಕ್ಟರ್ ಬಾಕಿ ಮೊತ್ತವನ್ನು ಟಿಕೆಟ್ ಹಿಂದೆ ಬರೆದು, ಸುತ್ತಲೂ ಒಂದು ಸುತ್ತು ಎಳೆದು ಮುಂದೆ ಹೋದರು. ಹುಡುಗ ಕಿವಿ ಮುಚ್ಚಿಕೊಂಡು ಎದ್ದು ನಿಂತು, “ದುಡ್ಡು ಕೊಟ್ಟಿಲ್ಲ, ದುಡ್ಡು ಕೊಟ್ಟಿಲ್ಲ” ಎಂದು ಕೂಗತೊಡಗಿದ. ನನ್ನ ಕಾರ್ಡುಗಳಲ್ಲಿ ಚಿಲ್ಲರೆ ಕೈಗೆ ಬರುವ ಚಿತ್ರವಿತ್ತು. ಟಿಕೆಟ್ ಹಿಂದಿನ ಬರಹದ ಚಿತ್ರವಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್ ಹಿಡಿದು ಓಡಾಡುವ ನನಗೆ ಚಿಲ್ಲರೆಯ ಗೊಡವೆಯೇ ಮರೆತುಹೋಗಿತ್ತು.

ನಾನು ಎದ್ದು ಹಿಂದೆ ಹೋಗುವಷ್ಟರಲ್ಲಿ ಜೊತೆಗಾರ ತನ್ನ ಟಿಕೆಟ್ ತಿರುಗಿಸಿ ತೋರಿಸುತ್ತಿದ್ದ. ಅದರ ಮೇಲೂ ಸುತ್ತು ಹಾಕಿದ ಅಂಕಿ. “ನನಗೂ ಕೊಟ್ಟಿಲ್ಲ. ಇದು ಸಾಲದ ಚೀಟಿ. ಇಳಿಯುವುದಕ್ಕೆ ಎರಡು ಸ್ಟಾಪ್ ಮೊದಲು ಕೇಳಬೇಕು.” ಹುಡುಗ ಬೆರಳು ಮಡಚಿ ನಿಲ್ದಾಣಗಳನ್ನು ಎಣಿಸಿದ. ಸರಿಯಾಗಿ ಎರಡು ಬಾಕಿ ಇರುವಾಗ ಟಿಕೆಟ್ ಚಾಚಿದ. ಒಂದು ಮಾತೂ ಆಡಲಿಲ್ಲ. ದುಡ್ಡು ಬಂತು.

ಆಮೇಲೆ ವಾರಕ್ಕೆರಡು ಸಲದಂತೆ ಸುಮಾರು ನಾಲ್ಕು ತಿಂಗಳು ಹೋಗಿಬಂದರು. ಹಾರ್ನಿನ ಸದ್ದಿಗೆ ಕಿವಿಗೆ ಹತ್ತಿ, ಬಸ್ ತುಂಬಿದ್ದರೆ ಮುಂದಿನದಕ್ಕೆ ಕಾಯುವುದು: ಇವನ್ನೆಲ್ಲ ಅವರಿಬ್ಬರೇ ಗೊತ್ತುಮಾಡಿಕೊಂಡರು. ಎಲ್ಲವೂ ನೆಟ್ಟಗಾಯಿತೆಂದಲ್ಲ. ಮಾರ್ಗ ಬದಲಾದ ದಿನ ಈಗಲೂ ಕಷ್ಟ. ಪರೀಕ್ಷೆ ಮುಗಿದ ಮೇಲೆ ಜೊತೆಗಾರ ಡಿಪ್ಲೊಮಾ ಸೇರಿದ, ಬರುವುದು ಕಡಿಮೆಯಾಯಿತು. ಈಗ ಒಬ್ಬರಿಗೆ ಇಬ್ಬರು ಜೊತೆಗಾರರನ್ನು, ಅದೂ ಒಂಬತ್ತನೇ ತರಗತಿಯಿಂದಲೇ, ಗೊತ್ತುಮಾಡುತ್ತೇನೆ.

ಹುಡುಗನಿಗೆ ಮಾತ್ರ ಆ ಸಾಲದ ಚೀಟಿ ಕೊನೆಗೂ ಒಗ್ಗಲಿಲ್ಲ. ಅಂಗಿಯ ಜೇಬಿನಲ್ಲಿ ಸರಿಯಾದ ಚಿಲ್ಲರೆ ಎಣಿಸಿಟ್ಟುಕೊಂಡೇ ಹೊರಡುತ್ತಾನೆ. ಮೊನ್ನೆ ಜೊತೆಗಾರ ಸಿಕ್ಕಾಗ ಹತ್ತು ರೂಪಾಯಿ ಕೇಳಿದನಂತೆ. ಹುಡುಗ ಕೊಟ್ಟ. ಹಳೆಯ ಟಿಕೆಟೊಂದರ ಹಿಂದೆ 10 ಎಂದು ಬರೆದು, ಸುತ್ತು ಹಾಕಿ, ತನ್ನ ಜೇಬಿನಲ್ಲೇ ಇಟ್ಟುಕೊಂಡ.