ಸ್ಟೆಪ್ 1ಗೆ ನಾನು ರೆಡಿ ಅಂತ ನನಗೆ ಗೊತ್ತಾಗಿದ್ದು ಹೇಗೆ (ನನ್ನ ಅನುಭವ)

ವಾರಕ್ಕೊಬ್ರಾದ್ರೂ ಜೂನಿಯರ್ಸ್ ಮೆಸೇಜ್ ಮಾಡಿ ಕೇಳೋದು ಒಂದೇ ಪ್ರಶ್ನೆ, "ಅಕ್ಕ, ಯುಎಸ್‌ಎಂಎಲ್‌ಇ ಸ್ಟೆಪ್ 1ಗೆ ಎಷ್ಟು ತಿಂಗಳು ಓದಿದ್ರಿ?" ಅಂತ. ಅಮೆರಿಕದಲ್ಲಿ ಡಾಕ್ಟರ್ ಕೆಲಸ ಮಾಡೋಕೆ ಪಾಸ್ ಆಗ್ಬೇಕಾದ ಪರೀಕ್ಷೆಗಳಲ್ಲಿ ಮೊದಲನೇದು ಅದು. ನಾನು ಹನ್ನೊಂದು ತಿಂಗಳು ಓದಿದೆ ಕಣ್ರೋ, ಅದ್ರಲ್ಲಿ ಮೊದಲ ಏಳು ತಿಂಗಳು ನನಗೆ ನಾನೇ ಟೋಪಿ ಹಾಕ್ಕೊಂಡೆ. ಆ ಏಳು ತಿಂಗಳ ಕಥೆ ಹೇಳಿದ್ರೆ ಉಪಯೋಗ ಆಗ್ಬೋದೇನೋ.

ಇಂಟರ್ನ್‌ಶಿಪ್ ಮುಗಿಸಿ ದಾವಣಗೆರೆ ಮನೇಲಿ ಓದೋಕೆ ಕೂತೆ. 2022ರ ಜನವರಿ 26ರಿಂದ ಸ್ಟೆಪ್ 1ಗೆ ಮೂರಂಕಿ ಸ್ಕೋರ್ ಹೋಗಿ ಬರೀ ಪಾಸ್-ಫೇಲ್ ಆಗಿತ್ತು, ನಮ್ಮ ಬ್ಯಾಚಲ್ಲಿ ಎಲ್ರೂ ಅಬ್ಬ ಬದುಕಿದ್ವಿ ಅಂದ್ಕೊಂಡ್ವಿ. ನಮಗೆ ತೋರಿಸದಿದ್ರೂ ಒಳಗೆ ಮೂರಂಕಿ ಲೆಕ್ಕ ಇದ್ದೇ ಇತ್ತು, ಅದೇ ದಿನದಿಂದ ಅದರ ಪಾಸ್ ಗೆರೆ 194ರಿಂದ 196ಕ್ಕೆ ಏರಿದ್ದನ್ನ ಯಾರೂ ಗಮನಿಸಲಿಲ್ಲ. ಅಮೆರಿಕ, ಕೆನಡಾ ಬಿಟ್ಟು ಹೊರಗೆ ಓದಿ ಮೊದಲ ಸಲ ಬರೆದವ್ರಲ್ಲಿ 2021ರಲ್ಲಿ 82 ಪರ್ಸೆಂಟ್ ಪಾಸ್ ಆಗಿದ್ರು, 2022ರಲ್ಲಿ ಅದು 74ಕ್ಕೆ ಇಳೀತು. ಪೇಪರ್ ಕಷ್ಟ ಆಯ್ತು ಅಂತಾರೆ ಕೆಲವ್ರು, ನನಗನ್ಸೋದು ಬರೀ ಪಾಸ್ ತಾನೇ ಅಂತ ನನ್ ಥರಾನೇ ಸಡ್ಲ ಬಿಟ್ಟೋರು ಜಾಸ್ತಿ ಆದ್ರು ಅಂತ.

ರಾಜೀವ್ ಗಾಂಧಿ ಯೂನಿವರ್ಸಿಟಿ ಪರೀಕ್ಷೆ ಬರೆದು ಬಂದವ್ರು ನಾವು. ಹತ್ತು ಮಾರ್ಕ್ಸಿಂದು ಎರಡು, ಐದು ಮಾರ್ಕ್ಸಿಂದು ಹತ್ತು, ಮೂರು ಮಾರ್ಕ್ಸಿಂದು ಹತ್ತು. ಹೆಡಿಂಗ್ ಹಾಕಿ ಅಂಡರ್‌ಲೈನ್ ಮಾಡಿ ಪೆನ್ಸಿಲಲ್ಲಿ ಒಂದು ಚಿತ್ರ ಬರೆದ್ರೆ ದಡ ಸೇರ್ತೀವಿ. ಇಲ್ಲಿ ಆ ಆಟ ನಡಿಯಲ್ಲ. ನಾನು ಮೊದಮೊದಲು ಮುಗ್ಗರಿಸಿದ್ದು ಈ ಥರದ್ದರಲ್ಲಿ: ಕುಡಿತದ ಚಟ ಇರೋ ಮನುಷ್ಯ, ಹಣ್ಣು ತರಕಾರಿ ಮುಟ್ಟಲ್ಲ, ವಸಡಲ್ಲಿ ರಕ್ತ, ಕೂದಲ ಬುಡದಲ್ಲಿ ಕೆಂಪು ಚುಕ್ಕೆ. ಸ್ಕರ್ವಿ, ಅಂದ್ರೆ ವಿಟಮಿನ್ ಸಿ ಕೊರತೆ, ಮುಗೀತು ಅಂತ ಖುಷಿಯಾಗಿ ಕೆಳಗೆ ನೋಡಿದ್ರೆ ಆಪ್ಷನ್ನಲ್ಲಿ ಸ್ಕರ್ವಿ ಅನ್ನೋ ಪದಾನೇ ಇಲ್ಲ. ಕೊಲಾಜೆನ್ (ಚರ್ಮ, ವಸಡನ್ನ ಗಟ್ಟಿಯಾಗಿ ಹಿಡಿದಿಡೋ ಪ್ರೋಟೀನ್) ತಯಾರಿಯಲ್ಲಿ ಯಾವ ಹಂತ ಕೆಟ್ಟಿದೆ ಅಂತ ಕೇಳಿದಾರೆ. ಪ್ರೋಲಿನ್, ಲೈಸಿನ್ ಹೈಡ್ರಾಕ್ಸಿಲೇಷನ್ನಾ, ಗ್ಲೈಕೋಸಿಲೇಷನ್ನಾ, ಕೊನೇಲಿ ಆಗೋ ಕ್ರಾಸ್-ಲಿಂಕಿಂಗಾ? ನಾನು ಕ್ರಾಸ್-ಲಿಂಕಿಂಗ್ ಒತ್ತಿದೆ, ಅದು ಕಾಪರ್ ಬೇಕಾದ ಹಂತ, ವಿಟಮಿನ್ ಸಿ ಬೇಕಾಗಿರೋದು ಹೈಡ್ರಾಕ್ಸಿಲೇಷನ್ನಿಗೆ. ಫಸ್ಟ್ ಇಯರಲ್ಲಿ ಇದನ್ನ ಐದು ಮಾರ್ಕ್ಸಿಗೆ ಬರೆದು ನಾಲ್ಕು ತಗೊಂಡಿದ್ದೆ ಬೇರೆ.

ಇನ್ನು ಟೋಪಿ ವಿಷಯ. ಯೂವರ್ಲ್ಡ್ ಅನ್ನೋ ಆನ್‌ಲೈನ್ ಪ್ರಶ್ನೆ ಬ್ಯಾಂಕಿನ ಪ್ರಶ್ನೆಗಳನ್ನ ಮೊದಲನೇ ಸಲ ಮಾಡಿದಾಗ ಸರಾಸರಿ 54 ಪರ್ಸೆಂಟ್ ಸರಿ ಬಂತು, ಎರಡನೇ ಸಲ 81. ಆ 81 ನೋಡ್ಕೊಂಡು ಓಡಾಡ್ತಿದ್ದೆ. ನಿಜ ಏನಂದ್ರೆ "ಅರಿಜೋನಾದಿಂದ ಬಂದ ರೈತ" ಅನ್ನೋ ಅಷ್ಟು ಓದೋ ಹೊತ್ತಿಗೆ ಉತ್ತರ ಸಿ ಅಂತ ಕೈಗೆ ಗೊತ್ತಾಗಿರ್ತಿತ್ತು, ತಲೆಗೆ ಕೆಲಸಾನೇ ಇಲ್ಲ. ಆಮೇಲೆ ಎನ್‌ಬಿಎಂಇ (ಈ ಪರೀಕ್ಷೆ ತಯಾರಿಸೋ ಸಂಸ್ಥೆ) ಕೊಡೋ ಸೆಲ್ಫ್ ಅಸೆಸ್‌ಮೆಂಟ್, ಅಂದ್ರೆ ಅಭ್ಯಾಸ ಪರೀಕ್ಷೆ, ಒಂದು ತಗೊಂಡೆ, ಅದೂ ಡಬಲ್ ಟೈಮ್ ಸಿಗೋ ಸೆಲ್ಫ್-ಪೇಸ್ಡಲ್ಲಿ, ಮಧ್ಯ ಟೀ, ಮಧ್ಯ ಅಮ್ಮನ ಜೊತೆ ಮಾತು, ಎರಡು ಡೌಟ್ ಬಂದಿದ್ದನ್ನ ನೋಟ್ಸಲ್ಲಿ "ಸುಮ್ನೆ ಕನ್ಫರ್ಮ್" ಮಾಡ್ಕೊಂಡೆ. 67 ಬಂತು. ಅದ್ರ ಪರ್ಸೆಂಟ್ ಲೆಕ್ಕದಲ್ಲಿ 62 ಹತ್ರ ಪಾಸ್ ಗೆರೆ, 62ರಿಂದ 68ರ ತನಕ ಅಂದ್ರೆ ಗೆರೆ ಪಕ್ಕದಲ್ಲೇ ನಿಂತಿದೀಯ ಅಂತ ಅರ್ಥ. ನಾನು ಗೆದ್ದೆ ಅಂತ ಡೇಟ್ ಬುಕ್ ಮಾಡ್ಬಿಟ್ಟೆ.

ಅಮೆರಿಕದ ಮಿಶಿಗನ್ನಲ್ಲಿ ರೆಸಿಡೆನ್ಸಿ (ಸ್ಪೆಷಾಲಿಟಿ ತರಬೇತಿ) ಮಾಡ್ತಿದ್ದ ನಮ್ಮ ಸೀನಿಯರ್ ಅಕ್ಕಂಗೆ ವಿಡಿಯೋ ಕಾಲಲ್ಲಿ ಹೇಳ್ದೆ. ಅವ್ರು ಕೇಳಿದ್ದು ಒಂದೇ ಮಾತು, "ಮಧ್ಯ ಮಧ್ಯ ಎದ್ದು ಬರೆದ್ಯಾ, ಇಲ್ಲ ಒಂದೇ ಪಟ್ಟಲ್ಲಿ ಬರೆದ್ಯಾ?" ಸುಳ್ಳು ಹೇಳೋಕಾಗ್ಲಿಲ್ಲ. ಮುಂದಿನ ಭಾನುವಾರ ಹೊಸ ಫಾರ್ಮ್ (ಅದೇ ಅಭ್ಯಾಸ ಪರೀಕ್ಷೆಯ ಬೇರೆ ಪೇಪರ್) ತಗೊಂಡು, ಫೋನ್ ಅಪ್ಪನ ಹತ್ರ ಕೊಟ್ಟು, 75 ನಿಮಿಷಕ್ಕೆ 50 ಪ್ರಶ್ನೆ, ಅಂಥ ನಾಲ್ಕು ಸೆಕ್ಷನ್, ರೂಲ್ ಪ್ರಕಾರ ಮುಗಿಸಿದೆ. 58. ಪರೀಕ್ಷೆಗೆ ಐದು ವಾರ ಇತ್ತು.

ಡೇಟ್ ಮುಂದಕ್ಕೆ ಹಾಕಿದೆ. ಹತ್ರ ಬಂದಷ್ಟೂ ಬದಲಿಸೋ ಫೀಸು ಏರುತ್ತೆ, ಆಗ ಇಸಿಎಫ್‌ಎಂಜಿ (ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳ ಅರ್ಜಿ ನೋಡ್ಕೊಳ್ತಿದ್ದ ಅಮೆರಿಕದ ಸಂಸ್ಥೆ) ಪರೀಕ್ಷೆ ಬರೆಯೋಕೆ ಕೊಡ್ತಿದ್ದ ಮೂರು ತಿಂಗಳ ಅವಧಿ ಬೇರೆ ತಲೆ ಮೇಲಿರ್ತಿತ್ತು, ಅದಕ್ಕೆ ಹಿಂದೆ ಮುಂದೆ ನೋಡ್ಬೇಡಿ. "ಲಕ್ಷ ರೂಪಾಯಿ ಹತ್ರ ಕಟ್ಟಿದೀವಿ, ಈಗ ಮುಂದಕ್ಕಾ?" ಅಂದ್ರು ಅಪ್ಪ. ಎರಡು ದಿನ ಮಾತಾಡ್ಲಿಲ್ಲ.

ಆಮೇಲಿಂದು ಹೊಸದಾಗಿ ಓದಿದ್ದು ಕಮ್ಮಿ. ಹಳೇ ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ ಗೆರೆ ಎಳ್ದು ತಪ್ಪುಗಳನ್ನೆಲ್ಲ ತುಂಬಿಸ್ದೆ: ಗೊತ್ತೇ ಇರ್ಲಿಲ್ಲ, ಗೊತ್ತಿತ್ತು ಆದ್ರೆ ಇನ್ನೊಂದು ಹೆಜ್ಜೆ ಹಾಕ್ಲಿಲ್ಲ, ಸರಿ ಇದ್ದಿದ್ದನ್ನ ಬದಲಾಯಿಸಿ ಕೆಡಿಸಿದೆ. ಮೊದಲನೇ ಕಾಲಂ ಉದ್ದ ಇರುತ್ತೆ ಅಂದ್ಕೊಂಡಿದ್ದೆ, ಎರಡನೇದು ತುಂಬಿ ಪಕ್ಕದ ಪುಟಕ್ಕೆ ಹೋಯ್ತು. ಅಂದ್ರೆ ಇನ್ನೊಂದು ಸಲ ಪುಸ್ತಕ ತಿರುವಿ ಹಾಕಿದ್ರೆ ಏನೂ ಆಗ್ತಿರ್ಲಿಲ್ಲ. ಅವತ್ತಿಂದ ಆಪ್ಷನ್ಸ್ ಮೇಲೆ ಕೈ ಇಟ್ಟು ಮುಚ್ಚಿ, ರೋಗ ಏನು, ಯಾಕಾಯ್ತು, ಕೊನೇ ಸಾಲಲ್ಲಿ ಏನ್ ಕೇಳಿದಾರೆ ಅಂತ ಬಾಯಿಬಿಟ್ಟು ಹೇಳಿನೇ ಮುಂದೆ ಹೋಗೋದು. ಅಮ್ಮ ಬಾಗಿಲ ಹತ್ರ ಬಂದು ಯಾರ್ ಜೊತೆ ಮಾತಾಡ್ತಿದೀಯೆ ಅಂತ ಕೇಳ್ತಿದ್ರು.

ಎಥಿಕ್ಸ್ ಪ್ರಶ್ನೆಗಳು ಇನ್ನೊಂದು ಥರ. ಮಗ ಬಂದು, ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೆ, ತಡ್ಕೊಳಲ್ಲ ಅಂತಾನೆ, ನೀವೇನ್ ಹೇಳ್ತೀರಿ? ವಾರ್ಡಲ್ಲಿ ಇದನ್ನ ದಿನಾ ನೋಡಿದೀನಿ, ಮಗನ್ನ ಕಾರಿಡಾರಿಗೆ ಕರೆದು ಎಲ್ಲ ಹೇಳ್ತೀವಿ, ಪೇಷೆಂಟಿಗೆ "ಸ್ವಲ್ಪ ಗಡ್ಡೆ ಇದೆ ಅಜ್ಜ" ಅಂತೀವಿ. ಪರೀಕ್ಷೆಗೆ ಬೇಕಾಗಿರೋದು, ಮಗನ ಭಯ ಏನು ಅಂತ ಕೇಳ್ಬೇಕು, ತನ್ನ ಕಾಯಿಲೆ ಬಗ್ಗೆ ಎಷ್ಟು ತಿಳ್ಕೋಬೇಕು ಅಂತಿದೆ ಅನ್ನೋದನ್ನ ಪೇಷೆಂಟನ್ನೇ ಕೇಳ್ಬೇಕು. ಇದು ಸೋಮಾರಿತನದಿಂದ ತಪ್ಪೋದಲ್ಲ, ನಾವು ಬೆಳೆದ ರೀತಿನೇ ತಪ್ಪಿಸುತ್ತೆ, ಅದಕ್ಕೆ ಬೇರೆಯಾಗೇ ಒಂದು ವಾರ ಇಟ್ಟೆ.

ಇನ್ನೊಂದು, ಕೂರೋ ತಾಕತ್ತು. ನಾನು ಬರೆದಿದ್ದು 2023ರಲ್ಲಿ, ಆಗ ಒಂದೇ ದಿನ ಏಳು ಬ್ಲಾಕ್, ಒಂದೊಂದು ಗಂಟೆ, ಬ್ಲಾಕಿಗೆ 40ರ ತನಕ ಪ್ರಶ್ನೆ, ಹೆಚ್ಚಂದ್ರೆ 280. ಎನ್‌ಬಿಎಂಇ ಫಾರ್ಮಲ್ಲಿ ಇದ್ದಿದ್ದು 200, ಅದಕ್ಕೆ ಯೂವರ್ಲ್ಡ್ ಎರಡು ಬ್ಲಾಕ್ 80 ಪ್ರಶ್ನೆ ಅದರ ಬೆನ್ನಿಗೇ ಸೇರಿಸಿದ್ರೆ ಸರಿಯಾಗಿ 280, ಸರಿಯಾಗಿ ಏಳು ಗಂಟೆ. ಮೊದಲ ಸಲ ಹೀಗೆ ಮಾಡಿದಾಗ ಕೊನೇ 80ರಲ್ಲಿ ಅರ್ಧಾನೂ ಸರಿ ಇಲ್ಲ. ಕಾರಣ ಮಧ್ಯಾಹ್ನ ಅನ್ನ ಸಾರು ಉಂಡಿದ್ದು, ನಗಬೇಡಿ. ಮುಂದಿನ ಸಲ ಎರಡು ಬಾಳೆಹಣ್ಣು, ಒಂದು ಚಪಾತಿ ಸುರುಳಿ, ಎರಡೆರಡು ಬ್ಲಾಕಿಗೊಂದು ಹತ್ತು ನಿಮಿಷದ ಬ್ರೇಕ್. ಆಗ ಪರೀಕ್ಷೇಲಿ ಬ್ರೇಕ್ ಟೈಮ್ 45 ನಿಮಿಷ ಇತ್ತು, ಶುರುವಿನ 15 ನಿಮಿಷದ ಟ್ಯುಟೋರಿಯಲ್ ಮನೇಲೇ ನೋಡ್ಕೊಂಡು ಹೋಗಿ ಅಲ್ಲಿ ಸ್ಕಿಪ್ ಮಾಡಿದ್ರೆ ಆ ಟೈಮೂ ಬ್ರೇಕಿಗೆ ಸೇರ್ತಿತ್ತು.

ನಾನು ಹಾಕ್ಕೊಂಡ ಷರತ್ತು ಇಷ್ಟೇ, ಹಿಂದೆ ನೋಡದ ಎರಡು ಫಾರ್ಮಲ್ಲಿ, ಪೂರ್ತಿ ರೂಲ್ ಪ್ರಕಾರ, ಸಾಲಾಗಿ 70 ದಾಟ್ಬೇಕು. 66 ಬಂತು, ಆಮೇಲೆ 71, ಆಮೇಲೆ 73. ಪರೀಕ್ಷೆಗೆ ಐದು ದಿನ ಇರುವಾಗ ಫ್ರೀ 120 (ಪರೀಕ್ಷೆಯವ್ರೇ ಉಚಿತವಾಗಿ ಕೊಡೋ 120 ಮಾದರಿ ಪ್ರಶ್ನೆ) ಮಾಡ್ದೆ, 76 ಪರ್ಸೆಂಟ್. ಹೆದರಿಕೆ ಏನೂ ಕಮ್ಮಿ ಆಗಿರ್ಲಿಲ್ಲ, ಆದ್ರೂ ಈ ಸಲ ಡೇಟ್ ಮುಟ್ಟಲಿಲ್ಲ.

ಬೆಂಗಳೂರಿನ ಪ್ರೊಮೆಟ್ರಿಕ್ ಸೆಂಟರಲ್ಲಿ ಜೇಬು ಹೊರಗೆ ಎಳೆದು ತೋರ್ಸಿ, ಕನ್ನಡಕ ಬಿಚ್ಚಿ ಕೊಟ್ಟು ಒಳಗೆ ಹೋದೆ. ಮೂರನೇ ಬ್ಲಾಕ್ ಆದ್ಮೇಲೆ ಬಾತ್‌ರೂಮಲ್ಲಿ ಅತ್ತೆ, ಮುಖ ತೊಳ್ಕೊಂಡು ವಾಪಸ್ ಬಂದು ಕೂತೆ. ಹೊರಗೆ ಬಂದಾಗ ಫೇಲ್ ಅಂತಲೇ ಅನ್ನಿಸ್ತು, ಬರೆದವ್ರನ್ನ ಯಾರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ.

ಮೂರನೇ ವಾರದ ಬುಧವಾರ ರಾತ್ರಿ ರಿಸಲ್ಟ್ ಬಂತು. ಓಡಿ ಹೋಗಿ "ಅಪ್ಪಾ, ಪಾಸ್" ಅಂದೆ. ಅಪ್ಪ ಕನ್ನಡಕ ಹುಡುಕಿ ಹಾಕ್ಕೊಂಡು ಆ ಹಾಳೆನ ಮೇಲಿಂದ ಕೆಳಗಿನ ತನಕ ನೋಡಿದ್ರು, ತಿರುಗಿಸಿ ಹಿಂದೇನೂ ನೋಡಿದ್ರು.

"ಅದು ಸರಿ ಪುಟ್ಟಿ, ಎಷ್ಟು ಬಂತು?"