ಪ್ರಶ್ನಾವಳಿ ಕೈಕೊಟ್ಟಿತು, ಮುಯ್ಯಿ ಪುಸ್ತಕ ಕೈಹಿಡಿಯಿತು: ನನ್ನ ಅನುಭವ

"ಮದುವೆ ಲೆಕ್ಕದ ನೋಟ್‌ಬುಕ್ಕು ಇಟ್ಕೊಂಡು ಪಿಎಚ್‌ಡಿ ಮಾಡೋಕಾಗುತ್ತಾ?" ಅಂತ ನನ್ನನ್ನು ಕೇಳಿದವರು ಕಡಿಮೆ ಅಂದ್ರೂ ಆರು ಜನ. ಅದರಲ್ಲಿ ಇಬ್ಬರು ನನಗೆ ಪಾಠ ಹೇಳಿದವರು. ಮದುವೆಗೆ ಬಂದವರು ಕೊಡುವ ದುಡ್ಡು, ಅಂದರೆ ಮುಯ್ಯಿ, ಯಾರದು ಎಷ್ಟು ಅಂತ ಮನೆಯವರು ಬರೆದಿಡುವ ಪುಸ್ತಕ ಅದು. ಈಗ ಅದೇ ನೋಟ್‌ಬುಕ್ಕುಗಳಿಂದ ಪ್ರಬಂಧದ ಮೂರು ಅಧ್ಯಾಯ ಮುಗಿದಿವೆ. ಮೊದಲು ಬೇಡ ಅಂದವರೇ ಮೊನ್ನೆ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸಿದರು. ಆದ್ದರಿಂದ ಬರೆದಿಡುತ್ತಿದ್ದೇನೆ.

ಊರು ಮಂಡ್ಯ ಜಿಲ್ಲೆಯದು, ನಾಲೆ ಬಯಲಿನದು. 340 ಮನೆ ಇರಬಹುದು. ಹೆಸರು ಹೇಳಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಇದೇ ಜಿಲ್ಲೆಗೆ ಬಂದು ಎರಡು ಊರುಗಳಲ್ಲಿ ಕೆಲಸ ಮಾಡಿದಾಗ ಅವರೂ ಹೆಸರು ಬದಲಿಸಿಯೇ ಬರೆದರು. ನನ್ನ ಪ್ರಶ್ನೆ ಒಂದೇ: ಕಷ್ಟ ಬಂದಾಗ ಈ ಊರಲ್ಲಿ ಯಾರಿಗೆ ಯಾರು ಆಗುತ್ತಾರೆ?

ಮೊದಲು ಎಲ್ಲರ ಹಾಗೆ ಪ್ರಶ್ನಾವಳಿ ಮಾಡಿದೆ. 42 ಪ್ರಶ್ನೆ, 300 ಪ್ರತಿ. ಅಚ್ಚಿಗೆ ಮೂರೂವರೆ ಸಾವಿರ. ಇಬ್ಬರು ಹುಡುಗರಿಗೆ ದಿನಕ್ಕೆ 500ರಂತೆ ಮೂರು ವಾರ, ಅದು ಇಪ್ಪತ್ತು ಸಾವಿರ ದಾಟಿತು. ಪೆಟ್ರೋಲು, ಊಟ ಬೇರೆ. ಹೆಚ್ಚುಕಮ್ಮಿ 32 ಸಾವಿರ ಹೋಯಿತು. ಸ್ಕಾಲರ್‌ಶಿಪ್ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಕೈಬಳೆ ಅಡ ಇಟ್ಟು ತಂದ ದುಡ್ಡು ಅದು.

ಬಂದ ಉತ್ತರ ನೋಡಿ. "ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತೀರಿ?" ಅಂದರೆ ಮುಕ್ಕಾಲು ಪಾಲು ಜನ "ದೇವರ ಹತ್ತಿರ" ಅಂದರು. ಉಳಿದವರು "ಎಲ್ರೂ ಚೆನ್ನಾಗವ್ರೆ, ಎಲ್ರೂ ಆಯ್ತಾರೆ" ಅಂದರು. ಒಬ್ಬರು ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ, "ಯಾಕವ್ವ, ನೀನೇನು ಸಾಲದ ಸಂಘದೋಳಾ?" ಅಂತ ಕೇಳಿದರು. ಬಿಪಿಎಲ್ ಕಾರ್ಡು ರದ್ದು ಮಾಡೋಕೆ ಬಂದವಳು ಅಂತ ಬೀದಿಯಲ್ಲಿ ಸುದ್ದಿ ಆಗಿತ್ತು. ಅಂಥ ಹೊತ್ತಲ್ಲಿ ಯಾರು ತಾನೇ ನಿಜ ಹೇಳುತ್ತಾರೆ?

ಆಮೇಲೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ ಕರ್ನಾಟಕದ 75 ಹಳ್ಳಿಗಳಲ್ಲಿ ಕೇಳಿದ ಮಾದರಿ ಹಿಡಿದೆ. ಸೀಮೆಎಣ್ಣೆ, ಅಕ್ಕಿ ಯಾರ ಮನೆಯಿಂದ ಕೈಬದಲು ತರುತ್ತೀರಿ, ಕೈಸಾಲ ಯಾರು ಕೊಡುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ ಅನ್ನುವ ಥರದವು. ಬಹಳ ಒಳ್ಳೆ ಪ್ರಶ್ನೆಗಳು. ಆದರೆ ಅವರು ಕೇಳಿದ್ದು 2006ರ ಸುಮಾರಿಗೆ. ನಾನು ಹೋದಾಗ ಮನೆಮನೆಗೂ ಗ್ಯಾಸ್ ಬಂದಿತ್ತು. ಸೀಮೆಎಣ್ಣೆ ಅಂದರೆ ಹುಡುಗಿಯರು ನನ್ನ ಮುಖ ನೋಡುತ್ತಿದ್ದರು.

ದಾರಿ ತೋರಿಸಿದ್ದು ಒಂದು ಬೀಗರೂಟ. ಮೇಜಿನ ಮೇಲೆ ಲಾಂಗ್ ನೋಟ್‌ಬುಕ್, ಮೊದಲ ಪುಟದಲ್ಲಿ ಶ್ರೀಕಾರ, ಮೂಲೆಗೆ ಅರಿಶಿನ. ಮನೆಯವರ ಅಣ್ಣನ ಮಗ ಕೂತು ಮುಯ್ಯಿ ಬರೆಯುತ್ತಿದ್ದ. ಒಬ್ಬರು ಬಂದು 101 ಬರೆಸಿದರು. ಹಿಂದೆ ನಿಂತಿದ್ದ ಯಜಮಾನರು ಮೆಲ್ಲಗೆ, "ನಾವು ಅವ್ರ ಮನೇಲಿ 500 ಬರ್ಸಿದ್ದೋ" ಅಂದರು. ಎರಡು ತಿಂಗಳು ತಿರುಗಿದರೂ ಸಿಗದ ಮಾತು ಆ ಒಂದು ಸಾಲಿನಲ್ಲಿತ್ತು. ಮುಯ್ಯಿಗೆ ಮುಯ್ಯಿ ಅಂತ ನಾವು ಸುಮ್ನೆ ಅನ್ನುತ್ತೇವಲ್ವಾ, ಅದರ ಲೆಕ್ಕ ಪ್ರತಿ ಮನೆಯ ಬೀರುವಿನಲ್ಲಿದೆ.

ಮೊದಲ ಪುಸ್ತಕ ನನ್ನ ಕೈಗೆ ಹೇಗೆ ಬಂತು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಪ್ರಬಂಧದ ಗುಟ್ಟು, ಅಚ್ಚಾದ ಮೇಲೆ ಓದಿ. ಒಂದು ಬಂದ ಮೇಲೆ ಉಳಿದವು ತಾವಾಗಿ ಬಂದವು. ಒಟ್ಟು 31 ಪುಸ್ತಕ, ಏಳು ಸಾವಿರದ ಮೇಲೆ ಸಾಲು. ತೀರಾ ಹಳೆಯದು 1983ರದು ಅಂತ ನೆನಪು, ಅರ್ಧ ಇಲಿ ತಿಂದಿತ್ತು.

ಡೇಟಾ ಸಿಕ್ಕಿತು ಅಂತ ಕುಣಿದಾಡಬೇಡಿ, ಕಷ್ಟ ಇರೋದೇ ಆಮೇಲೆ. ಒಬ್ಬರದೇ ಹೆಸರು ಒಂದು ಕಡೆ ಇನಿಶಿಯಲ್ ಜೊತೆ, ಇನ್ನೊಂದು ಕಡೆ ಮನೆತನದ ಜೊತೆ, ಮತ್ತೊಂದು ಕಡೆ ಬರೀ "ಟಿ.ಸಿ. ಪಕ್ಕದವರು" (ಟಿ.ಸಿ. ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್). ಹೆಸರು ಹೊಂದಿಸೋಕೇ ಐದು ತಿಂಗಳು ಹಿಡಿಯಿತು. ಮೊದಲ 1,200 ಸಾಲನ್ನು ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿ ಕೆಟ್ಟೆ. ಯಾರಿಂದ ಯಾರಿಗೆ ಅಂತ ಬಾಣ ಎಳೆದು ಸಂಬಂಧಗಳ ನೆಟ್‌ವರ್ಕ್ ಚಿತ್ರ ಬಿಡಿಸುವ ಗೆಫಿ ಅನ್ನೋ ಸಾಫ್ಟ್‌ವೇರಿಗೆ ಹಾಕಿದರೆ ಒಂದಕ್ಷರವೂ ಓದೋಕಾಗಲಿಲ್ಲ. ಯೂನಿಕೋಡಿನಲ್ಲಿ ಮತ್ತೆ ಹೊಡೆಸಿದೆ, ಇನ್ನೊಂದು ನಾಲ್ಕು ಸಾವಿರ ಖರ್ಚು.

ಮೊತ್ತದ್ದು ಇನ್ನೊಂದು ತಲೆನೋವು. ಅಂದಿನ 11 ರೂಪಾಯಿಗೂ ಇಂದಿನ 500ಕ್ಕೂ ಹೇಗೆ ತಾಳೆ ಹಾಕೋದು? ಚಿನ್ನದ ಬೆಲೆ ಹಿಡಿದು ನೋಡಿದೆ, ಕೂಲಿ ಹಿಡಿದು ನೋಡಿದೆ, ಎರಡೂ ಕೂಡಿಬರಲಿಲ್ಲ. ಕೊನೆಗೆ ಆಯಾ ಪುಸ್ತಕದಲ್ಲಿ ಅತಿ ಜಾಸ್ತಿ ಜನ ಬರೆಸಿದ ಮೊತ್ತವನ್ನೇ ಒಂದು ಅಂತ ಇಟ್ಟುಕೊಂಡೆ. ಅದಕ್ಕಿಂತ ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ನೋಡಿದೆ. ಅಲ್ಲಿಂದ ಎಲ್ಲ ಸಲೀಸಾಯಿತು. ಇದು ನನ್ನದೇ ಉಪಾಯ. ಯಾರು ಬೇಕಾದರೂ ಬಳಸಿ.

ಆದರೂ ನಿಜವಾದ ಕೆಲಸ ಕಂಪ್ಯೂಟರಿನಲ್ಲಿ ಆಗಲಿಲ್ಲ. ಪುಸ್ತಕ ಅವರ ಮುಂದೆಯೇ ಬಿಚ್ಚಿಟ್ಟು, ಸಾಲಿನ ಮೇಲೆ ಬೆರಳಿಟ್ಟು, "ಅಣ್ಣ, ಇವರು ಯಾಕೆ ಇಷ್ಟು ಬರೆಸಿದರು?" ಅಂತ ಕೇಳಬೇಕು. ಆಗ ಬಾಯಿ ಬಿಡುತ್ತಾರೆ. ಬೋರ್‌ವೆಲ್ ಕೈಕೊಟ್ಟ ವರ್ಷ ನೀರು ಬಿಟ್ಟವರು, ಆಸ್ಪತ್ರೆಗೆ ಕಾರು ತಂದವರು, ಎಲೆಕ್ಷನ್ನಿನಲ್ಲಿ ಮುಖ ತಿರುಗಿಸಿದವರು, ಎಲ್ಲ ಹೊರಬರುತ್ತದೆ. ಒಂದು ಸಾಲಿಗೆ ಅರ್ಧ ಗಂಟೆ ಮಾತು ಕೇಳಿದ್ದೇನೆ. ಜನ ಸುಳ್ಳು ಹೇಳುತ್ತಾರೆ ಅನ್ನೋದು ತಪ್ಪು. ನಾವು ಕೇಳುವ ಪ್ರಶ್ನೆಯಲ್ಲಿ ಅವರಿಗೆ ಹಿಡಿದುಕೊಳ್ಳೋಕೆ ಏನೂ ಇರಲ್ಲ, ಅಷ್ಟೇ.

ಒಂದು ಪುಸ್ತಕದ ಕೊನೆಯಲ್ಲಿ ಅಡ್ಡಗೆರೆ ಎಳೆದು ಕಾಲೋನಿಯವರ, ಅಂದರೆ ದಲಿತ ಕೇರಿಯವರ, ಹೆಸರು ಬೇರೆಯಾಗಿ ಬರೆದಿದ್ದರು. ಮೊತ್ತ ಮೇಲಿನವರಷ್ಟೇ ಇತ್ತು, ಕೆಲವು ಕಡೆ ಜಾಸ್ತಿಯೇ. ಕಾಲೋನಿಯ ಪುಸ್ತಕ ತೆಗೆದರೆ ಊರಿನವರ ಹೆಸರೂ ಇದ್ದವು. ಆ ಸಾಲುಗಳ ಮೇಲೆ ಬೆರಳಿಟ್ಟು ಕೇಳಿದಾಗ, "ಬಂದ್ರು, ಬರ್ಸಿದ್ರು, ಊಟ ಮಾಡ್ದೆ ಹೋದ್ರು" ಅಂದರು ಆ ಮನೆಯ ತಾಯಿ. ನೆಟ್‌ವರ್ಕ್ ಚಿತ್ರದಲ್ಲಿ ಅದು ಎರಡೂ ಕಡೆಯ ಬಾಣ. ಆ ತಾಯಿ ಹೇಳದೆ ಹೋಗಿದ್ದರೆ ಅದನ್ನು ಸಮಾನ ಸಂಬಂಧ ಅಂತ ಬರೆದುಬಿಡುತ್ತಿದ್ದೆ. ಅದು ನೆನಪಾದಾಗೆಲ್ಲ ನನಗೆ ಈಗಲೂ ಭಯವಾಗುತ್ತದೆ.

ನನ್ನಿಂದ ಆದ ದೊಡ್ಡ ತಪ್ಪೂ ಹೇಳಬೇಕು. ಒಂದು ಮನೆಯಲ್ಲಿ ಮಾತಿನ ಭರದಲ್ಲಿ ಇನ್ನೊಂದು ಮನೆಯ ಮೊತ್ತ ಬಾಯಿಂದ ಜಾರಿತು. ಸಂಜೆಯೊಳಗೆ ಜಗಳ. ಮೂರು ವಾರ ಯಾರೂ ಪುಸ್ತಕ ಕೊಡಲಿಲ್ಲ. ಎರಡೂ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಹೆಸರೆಲ್ಲ ನಂಬರ್ ಆಯಿತು. ಫೋಟೊ ವಾಟ್ಸಾಪಿಗೆ ಹೋಗಲ್ಲ. ಪ್ರತಿ ಮೂರು, ಮೂರು ಬೇರೆ ಜಾಗದಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹಳ್ಳಿ ಅಧ್ಯಯನದ ಟಿಪ್ಪಣಿಯ ಮೂರು ಪ್ರತಿಯೂ ಒಂದೇ ಕಡೆ ಇದ್ದು, 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು.

ನಡುವೆ ಒಂದು ಬೇರೆ ಪ್ರಯೋಗ ಮಾಡಿದೆ. ಎರಡು ವಾರ ಬೆಳಗ್ಗೆ ಆರಕ್ಕೆ ಹಾಲಿನ ಡೈರಿ ಮುಂದೆ ಕೂತು, ಯಾರು ಯಾರ ಪಕ್ಕ ಕ್ಯಾನ್ ಇಡುತ್ತಾರೆ ಅಂತ ಗುರುತು ಹಾಕಿಕೊಂಡೆ. ಸಾಲಿನಿಂದ ಏನೂ ತಿಳಿಯಲಿಲ್ಲ. ಬೇಗ ಬಂದವರು ಮುಂದೆ, ಅಷ್ಟೇ. ಆದರೆ ಒಂಬತ್ತು ವರ್ಷದಿಂದ ಮುಯ್ಯಿ ನಿಂತಿದ್ದ ಎರಡು ಮನೆಯವರು ದಿನಾ ಅಲ್ಲಿ ನಿಂತು ಫ್ಯಾಟ್ ಎಷ್ಟು ಬಂತು ಅಂತ ಮಾತಾಡುತ್ತಿದ್ದರು. ಮುಯ್ಯಿ ಮುರಿದರೆ ಮಾತೂ ಮುರಿಯುತ್ತದೆ ಅಂತ ಬರೆದಿದ್ದ ಎಂಟು ಪುಟ ಹರಿದು ಹಾಕಿದೆ.

ಇನ್ನೊಂದು ತೊಂದರೆ, ಪುಸ್ತಕದಲ್ಲಿ ಹೆಂಗಸರೇ ಇಲ್ಲ. ಗಂಡನ ಹೆಸರು, ಮಾವನ ಹೆಸರು, ಮುಗಿಯಿತು. ಅದನ್ನು ನಾನು ಗಮನಿಸಿದ್ದೇ ತಡವಾಗಿ. ಒಂದು ಮಧ್ಯಾಹ್ನ, ಅವತ್ತು "ಸಾಲದ ಸಂಘದೋಳಾ?" ಅಂತ ಕೇಳಿದ್ದ ಅಜ್ಜಿಯೇ ಒಳಗೆ ಕರೆದು ತಗಡಿನ ಟ್ರಂಕು ತೆರೆದರು. ತುಂಬ ರವಿಕೆ ಪೀಸು, ಅರವತ್ತರ ಮೇಲೆ. ನುಸಿಗುಳಿಗೆ ವಾಸನೆ. ಅಜ್ಜಿಗೆ ಓದು ಬರಹ ಬರಲ್ಲ. ಒಂದೊಂದೇ ಎತ್ತಿ, ಯಾರು ಕೊಟ್ಟಿದ್ದು, ಯಾವಾಗ, ಯಾರಿಗೆ ದಾಟಿಸಬೇಕು ಅಂತ ಹೇಳುತ್ತಾ ಹೋದರು. ಒಂದು ಹಸಿರು ಪೀಸು ಅವರೇ ಕೊಟ್ಟಿದ್ದು, ನಾಲ್ಕು ಮನೆ ಸುತ್ತಿ ವಾಪಸ್ ಬಂದಿತ್ತು. ಮೂಲೆಯ ಅರಿಶಿನದ ಕಲೆಯಿಂದ ಗುರುತು ಹಿಡಿದಿದ್ದರು. ಕಡುಗೆಂಪಿನದು ಮಾತ್ರ ಮಡಿಲಲ್ಲೇ ಇಟ್ಟುಕೊಂಡರು. "ಇದು ನಮ್ ಮಗಳ ಸೀಮಂತಕ್ಕೆ ಬಂದಿದ್ದು ಕಣವ್ವ. ಕೊಟ್ಟೋಳು ಹೋಗ್ಬುಟ್ಲು. ಇದನ್ನ ಯಾರ್ಗೂ ದಾಟ್ಸಲ್ಲ."

ಆ ಟ್ರಂಕಿನಿಂದ ಬಂದ ಚಿತ್ರವೂ ಮುಯ್ಯಿ ಪುಸ್ತಕದ ಚಿತ್ರವೂ ಅರ್ಧಕ್ಕರ್ಧ ಹೊಂದಲ್ಲ. ನಾಲ್ಕನೇ ಅಧ್ಯಾಯ ಅದರದೇ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಪುಸ್ತಕದ ಕೆಲಸಕ್ಕೆ ಪೆಟ್ರೋಲು ಎಂಟು ಸಾವಿರ, ಟೈಪಿಂಗ್ ಎರಡು ಸಲ ಸೇರಿ ಒಂಬತ್ತು. ನಾನು ಹೋದ 19 ಮದುವೆಗೆ ಬರೆಸಿದ ಮುಯ್ಯಿ ಆರು ಸಾವಿರ ಇರಬಹುದು. ನಾನೂ ಈಗ ಆ ಪುಸ್ತಕಗಳಲ್ಲಿ ಇದ್ದೇನೆ. ಬರೆಸದೆ ಹೋಗಿದ್ದರೆ ಒಂದು ಸಾಲೂ ಸಿಗುತ್ತಿರಲಿಲ್ಲ.

ಹೊಸ ಮದುವೆಗಳಲ್ಲಿ ಕೆಲವರು ಕಾರ್ಡಿನಲ್ಲೇ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸುತ್ತಾರೆ, ಪುಸ್ತಕವೇ ಇರಲ್ಲ. ಹೋದ ಬೇಸಿಗೆಯಲ್ಲಿ ಒಂದು ಮೇಜಿನ ಮೇಲೆ ಫೋನ್‌ಪೇ ಸ್ಟಿಕ್ಕರು ಕಂಡೆ. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ, ಫೋನಿನಲ್ಲಿ ಬಂದದ್ದನ್ನೂ ಪುಸ್ತಕಕ್ಕೆ ಏರಿಸಪ್ಪ ಅಂತ ಹೇಳಿ ಬಂದಿದ್ದೇನೆ. ಈ ಆಷಾಢದಲ್ಲಿ ಮತ್ತೆ ಹೋಗುತ್ತೇನೆ. ಮದುವೆ ಇರಲ್ಲ, ಹೊಸ ಮದುವಣಗಿತ್ತಿಯರೆಲ್ಲ ತವರಿನಲ್ಲಿ ಇರುತ್ತಾರೆ. ಇನ್ನೂ ಮೂರು ಟ್ರಂಕು ನೋಡೋಕೆ ಬಾ ಅಂದಿದ್ದಾರೆ.