ಬೇವಿನ ತಪ್ಪಲ ಸಾರ ಬ್ಯಾಕ್ಟೀರಿಯಾ ತಡೀತದೇನು? ಹಿಂಗ ನೋಡ್ರಿ

ಬಾಗಲಕೋಟೆಯಲ್ಲಿ ಬೇವಿನ ಗಿಡಕ್ಕೆ ಬರವಿಲ್ಲ. ಸಾಬೂನು ಮಾಡುವ ಮಹಿಳಾ ಸಂಘದವರು ನಮ್ಮ ಲ್ಯಾಬಿಗೆ ಬಂದಾಗ ನಾನು ಮೊದಲು ಹೇಳುವುದು: ತಪ್ಪಲನ್ನು ನೆರಳಿನಲ್ಲೇ ಒಣಗಿಸ್ರಿ, ಮುರಿದರೆ ಚಟ್ ಅನ್ನಬೇಕು. 10 ಗ್ರಾಂ ಪುಡಿಗೆ 70% ಇಥೆನಾಲ್ (ಬೇಗ ಬೆಂಕಿ ಹತ್ತುವ ಆಲ್ಕೋಹಾಲ್) 100 ಮಿ.ಲೀ. ಹಾಕಿ, ಮುಚ್ಚಿ, ಒಂದು ದಿನ ನೆನೆಸಿ ಸೋಸ್ರಿ, ಅದೇ ಸಾರ. ಹತ್ತಿರ ಒಲೆ ಇರಬಾರದು.

ಪರೀಕ್ಷೆ ಲ್ಯಾಬಿನಲ್ಲೇ ಆಗಲಿ. ಪರೀಕ್ಷೆಗೆ ಬಳಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಚರ್ಮಕ್ಕೆ ಸೋಂಕು ತರಬಲ್ಲ ಬ್ಯಾಕ್ಟೀರಿಯಾ, ಮನೆಯಲ್ಲಿ ಬೆಳೆಸುವಂಥದ್ದಲ್ಲ. ಮುಲ್ಲರ್-ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ) ತಟ್ಟೆಯ ಮೇಲೆ ಅದನ್ನು ಸವರಿ, 6 ಮಿ.ಮೀ. ಅಗಲದ ಕುಳಿ ಕೊರೆದು, ಒಂದರಲ್ಲಿ ಸಾರ, ಇನ್ನೊಂದರಲ್ಲಿ ಬರೀ 70% ಇಥೆನಾಲ್ ಹಾಕ್ರಿ. ಎರಡನೇ ಕುಳಿ ಬಿಡಲೇಬ್ಯಾಡ್ರಿ. ಇಥೆನಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಹೆಸರು ಬೇವಿಗೆ ಹೋಗುತ್ತದೆ. 37 ಡಿಗ್ರಿಯಲ್ಲಿ 24 ತಾಸು ಇಟ್ಟರೆ ತಟ್ಟೆ ತುಂಬ ಮಬ್ಬು ಪದರ ಬೆಳೆಯುತ್ತದೆ. ಸಾರ ಕೆಲಸ ಮಾಡಿದ್ದರೆ ಅದರ ಕುಳಿಯ ಸುತ್ತ ಬಳೆಯಂಥ ತಿಳಿ ವೃತ್ತ ಕಾಣುತ್ತದೆ, ಅದು ಬರೀ ಇಥೆನಾಲ್ ಕುಳಿಯದಕ್ಕಿಂತ ದೊಡ್ಡದಿರಬೇಕು. ಅಳತೆಪಟ್ಟಿ ಇಟ್ಟು ಎರಡರ ವ್ಯಾಸವನ್ನೂ ಬರೆದುಕೊಳ್ರಿ.

ವೃತ್ತ ದೊಡ್ಡದು ಬಂದ ಮಾತ್ರಕ್ಕೆ ಸಾಬೂನು ಗೆದ್ದಂತಲ್ಲ. ಸಾಬೂನಿನ ಕ್ಷಾರದಲ್ಲಿ ಸಾರ ಹೇಗಿರುತ್ತದೋ ನೋಡಬೇಕು. ಅದಕ್ಕೇ ಸಿದ್ಧ ಸಾಬೂನನ್ನು ಸಾರವಿಲ್ಲದ ಸಾಬೂನಿನ ಜೋಡಿ ಇಟ್ಟು ಮತ್ತೆ ಪರೀಕ್ಷಿಸ್ರಿ. ಇನ್ನು ನೀರಿರುವ ಕ್ರೀಮು ಮಾಡುವವರು, ಬೇವು ಐತೆಂದು ಸಂರಕ್ಷಕ (ಕೆಡದಂತೆ ಹಾಕುವ ವಸ್ತು) ಬಿಡಬ್ಯಾಡ್ರಿ, ಬೂಷ್ಟು ಹಿಡಿಯುತ್ತದೆ.